ನೆಮೊ ಟಿಪ್ಪುವಿಗೆ ಏನಾಗಬೇಕು?

ಪ್ರಶ್ನೆ: ಹಳೇ ಪುಸ್ತಕದಂಗಡಿಯಲ್ಲಿ ‘ದಿ ಅನೋಟೇಟೆಡ್ ಆಲಿಸ್’ ಸಿಕ್ಕಿತು. ಒಂದು ಕಡೆ ಕಥೆ, ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ವಿವರಣೆ. ಕಾಲೇಜಿನಲ್ಲಿ ಓದಿದಾಗ ತಲೆಗೆ ಹತ್ತದ ಎಷ್ಟೋ ಸಂಗತಿ ಈಗ ತಿಳಿಯಿತು. ಫ್ಯಾಂಟಸಿ ಮತ್ತು ವೈಜ್ಞಾನಿಕ ಕಥೆಗಳಲ್ಲಿ ಹೀಗೆ ಟಿಪ್ಪಣಿಯೊಂದಿಗೇ ಓದಬೇಕಾದ ಪುಸ್ತಕಗಳು ಯಾವುವು? ಟಿಪ್ಪಣಿ ಬರಲೇಬೇಕಾದವು ಯಾವುವು? ಒಂಬತ್ತನೇ ಕ್ಲಾಸಿನ ಮಗಳಿಗೆ ಇಂಥವನ್ನು ಕೊಡಬಹುದಾ, ಇಲ್ಲ ಓದುವ ಖುಷಿಯೇ ಹೋಗಿಬಿಡುತ್ತದಾ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮಗೆ ಸಿಕ್ಕಿರುವುದು ಈ ಜಾತಿಯ ಪುಸ್ತಕಗಳಲ್ಲೇ ಹಿರಿಯದು ಅನ್ನಬಹುದು. ಜೋಪಾನವಾಗಿಟ್ಟುಕೊಳ್ಳಿ. ಮಾರ್ಟಿನ್ ಗಾರ್ಡ್ನರ್ ಅದನ್ನು ಮೊದಲು ತಂದದ್ದು 1960ರಲ್ಲಿ. ಅವರು ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಗಣಿತದ ಆಟಗಳ ಅಂಕಣ ಬರೆಯುತ್ತಿದ್ದವರು. ಮಕ್ಕಳ ಕಥೆಗೆ ಇಷ್ಟೊಂದು ಟಿಪ್ಪಣಿ ಯಾಕೆ ಅಂತ ಆಗ ಕೇಳಿದವರಿಗೆ ಅವರ ಪುಸ್ತಕವೇ ಉತ್ತರ ಕೊಟ್ಟಿತು.

‘ಮಾಕ್ ಟರ್ಟಲ್’ ಬರುವ ಪುಟ ತೆಗೆದು ನೋಡಿ. ಟೆನಿಯಲ್ ಬರೆದ ಚಿತ್ರದಲ್ಲಿ ಆಮೆಯ ಚಿಪ್ಪಿದೆ, ಆದರೆ ತಲೆ ಕರುವಿನದು, ಹಿಂಗಾಲಿಗೆ ಗೊರಸು, ಹಿಂದೆ ಕರುವಿನ ಬಾಲ. ನಮಗೆ ಇದು ಸುಮ್ನೆ ವಿಚಿತ್ರ ಪ್ರಾಣಿ. ಕಥೆ ಮೊದಲು ಬಂದ 1865ರ ಇಂಗ್ಲಿಷ್ ಮನೆಯ ಹುಡುಗಿಗೆ ಮಾತ್ರ ನೋಡಿದ ಕೂಡಲೇ ನಗು ಬರುತ್ತಿತ್ತು. ಯಾಕೆಂದರೆ ಆಗ ಆಮೆಯ ಸೂಪು ದುಬಾರಿ. ಅದರ ಬದಲಿಗೆ ಕರುವಿನ ತಲೆ ಬೇಯಿಸಿ ಮಾಡುತ್ತಿದ್ದ ಸೂಪಿಗೆ ‘ಮಾಕ್ ಟರ್ಟಲ್ ಸೂಪ್’ ಅನ್ನುತ್ತಿದ್ದರು. ಅಡುಗೆಮನೆಯ ಆ ಒಂದು ಸಂಗತಿ ತಿಳಿಯದಿದ್ದರೆ ಚಿತ್ರವೂ ಕೈಗೆ ಸಿಗುವುದಿಲ್ಲ, ತಮಾಷೆಯೂ ಸಿಗುವುದಿಲ್ಲ.

ಇದರಲ್ಲಿ ನಮಗೆ ಹೊಸದೇನೂ ಇಲ್ಲ. ಗಮಕ ಕೇಳಿದವರಿಗೆ ಗೊತ್ತು. ಒಬ್ಬರು ಕುಮಾರವ್ಯಾಸನ ಪದ್ಯ ಹಾಡುತ್ತಾರೆ, ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಹೇಳುತ್ತಾರೆ. ಒಳ್ಳೆಯ ವ್ಯಾಖ್ಯಾನಕಾರರು ಹಾಡಿನ ಮೇಲೆ ಬೀಳುವುದಿಲ್ಲ. ಎಲ್ಲಿ ಬಾಯಿ ತೆರೆಯಬೇಕು, ಎಲ್ಲಿ ಸುಮ್ಮನಿರಬೇಕು ಎಂದು ಅವರಿಗೆ ತಿಳಿದಿರುತ್ತದೆ. ನಾನು ಪುಸ್ತಕಗಳನ್ನು ಅಳೆಯುವುದೂ ಹಾಗೆಯೇ. ಕಾಲ ಮುಚ್ಚಿಹಾಕಿದ್ದನ್ನು ಟಿಪ್ಪಣಿ ತೆರೆದು ತೋರಿಸಬೇಕು. ಬರೆದವರೇ ಬೇಕೆಂದು ಮುಚ್ಚಿಟ್ಟದ್ದನ್ನು ಅದು ಮುಟ್ಟಬಾರದು.

ಈಗಾಗಲೇ ಇರುವವುಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಮೊದಲನೆಯದು ಟೋಲ್ಕಿನ್ ಅವರ ಕಥೆಗೆ ಡಗ್ಲಸ್ ಆಂಡರ್ಸನ್ ತಂದ ‘ದಿ ಅನೋಟೇಟೆಡ್ ಹಾಬಿಟ್’. ಇದು ಬಂದದ್ದು 1988ರಲ್ಲಿ, ತಿದ್ದಿದ ಆವೃತ್ತಿ 2002ರದು. ಗುಹೆಯ ಜೀವಿ ಗೋಲಮ್ ಮತ್ತು ಕಥಾನಾಯಕ ಬಿಲ್ಬೊ ಒಗಟು ಹಾಕಿಕೊಳ್ಳುವ ಅಧ್ಯಾಯ ನೆನಪಿದೆಯಲ್ಲ? 1937ರ ಮೊದಲ ಮುದ್ರಣದಲ್ಲಿ ಗೋಲಮ್ ಅಷ್ಟು ಕೆಟ್ಟವನಲ್ಲ. ಸೋತರೆ ಉಂಗುರವನ್ನು ಉಡುಗೊರೆಯಾಗಿ ಕೊಡುತ್ತೇನೆಂದು ಅವನೇ ಒಪ್ಪಿಕೊಂಡಿರುತ್ತಾನೆ. ಉಂಗುರ ಸಿಗದಿದ್ದಾಗ ಕ್ಷಮೆ ಕೇಳಿ ದಾರಿ ತೋರಿಸುತ್ತಾನೆ. ಆಮೇಲೆ ಟೋಲ್ಕಿನ್ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆಯತೊಡಗಿದರು, ಉಂಗುರದ ತೂಕವೇ ಬದಲಾಯಿತು. ಹಾಗಾಗಿ 1951ರ ಆವೃತ್ತಿಗೆ ಆ ಅಧ್ಯಾಯವನ್ನು ತಿದ್ದಿ ಬರೆದರು. ನಾವೆಲ್ಲ ಓದಿರುವುದು ತಿದ್ದಿದ ಪಾಠ. ಹಳೆಯ ಪಾಠವನ್ನು ಟಿಪ್ಪಣಿಯಲ್ಲಿ ಓದಿದರೆ ಕಥೆ ಬೆಳೆದದ್ದು ಕಣ್ಣಿಗೆ ಕಾಣುತ್ತದೆ.

ಎರಡನೆಯದು ‘ಫ್ರಾಂಕನ್‌ಸ್ಟೈನ್’. ಲೆಸ್ಲಿ ಕ್ಲಿಂಗರ್ ಅವರ ಟಿಪ್ಪಣಿ ಆವೃತ್ತಿ 2017ರಲ್ಲಿ ಬಂತು. ಮೇರಿ ಶೆಲ್ಲಿಯ 1818ರ ಪಾಠ ಬೇರೆ, 1831ರಲ್ಲಿ ತಿದ್ದಿದ ಪಾಠ ಬೇರೆ. ಎಲಿಜಬೆತ್ ಮೊದಲಿನದರಲ್ಲಿ ಕಥಾನಾಯಕ ವಿಕ್ಟರ್‌ನ ಅತ್ತೆಯ ಮಗಳು, ಎರಡನೆಯದರಲ್ಲಿ ಸಾಕಲು ತಂದ ಅನಾಥೆ. ಕಥೆ ಹುಟ್ಟಿದ 1816ರ ಬೇಸಿಗೆಯಲ್ಲಿ ಯುರೋಪಿಗೆ ಬಿಸಿಲೇ ಸರಿಯಾಗಿ ಬೀಳಲಿಲ್ಲ. ಅದಕ್ಕೆ ಹಿಂದಿನ ವರ್ಷ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದದ್ದು ಕಾರಣ. ಜಿನೀವಾದ ಸರೋವರದ ಪಕ್ಕ ಮಳೆಗೆ ಮನೆಯೊಳಗೇ ಕೂತ ಗೆಳೆಯರು ದೆವ್ವದ ಕಥೆ ಬರೆಯುವ ಪಂದ್ಯ ಕಟ್ಟಿದರು. ಇದನ್ನು ತಿಳಿದು ಓದಿದರೆ ಆ ಕಾದಂಬರಿಯ ಮೋಡ, ಹಿಮ, ಗುಡುಗು ಎಲ್ಲಕ್ಕೂ ಬೇರೆಯೇ ಬಣ್ಣ ಬರುತ್ತದೆ.

ಇನ್ನು ಟಿಪ್ಪಣಿ ಬರಲೇಬೇಕಾದವು. ನನ್ನನ್ನು ಕೇಳಿದರೆ ಮೊದಲ ಹೆಸರು ಜೂಲ್ ವರ್ನ್ ಅವರ ‘ದಿ ಮಿಸ್ಟೀರಿಯಸ್ ಐಲ್ಯಾಂಡ್’. ಅದಕ್ಕೆ ಟಿಪ್ಪಣಿ ಬರೆಯುವವರು ನಮ್ಮ ಕಡೆಯವರೇ ಆಗಿರಬೇಕು ಎಂದೂ ನನ್ನ ಆಸೆ. ಕಾರಣ ಹೇಳುತ್ತೇನೆ.

ನಾನು ಹೈಸ್ಕೂಲಿನಲ್ಲಿ ಓದಿದ್ದು ವರ್ನ್ ಇದಕ್ಕೂ ಮೊದಲು ಬರೆದ ‘ಟ್ವೆಂಟಿ ಥೌಸಂಡ್ ಲೀಗ್ಸ್’, ಅಂದರೆ ಕ್ಯಾಪ್ಟನ್ ನೆಮೊನ ಕಥೆಯ ಸಂಕ್ಷಿಪ್ತ ರೂಪ. ನೀರಿನಡಿ ಸಾಗುವ ನಾಟಿಲಸ್ ಹಡಗು, ದೈತ್ಯ ಅಕ್ಟೋಪಸ್, ಕೊನೆಗೆ ಸುಳಿ, ಅಷ್ಟೇ. ನೆಮೊ ಯಾವ ದೇಶದವನು ಅಂತ ಅದರಲ್ಲಿ ಇರಲಿಲ್ಲ. ಮುಂದೆ ಪೂರ್ತಿ ‘ಮಿಸ್ಟೀರಿಯಸ್ ಐಲ್ಯಾಂಡ್’ ಕೈಗೆ ಬಂದಾಗ ಒಂದು ಪುಟದಲ್ಲಿ ನಿಂತುಬಿಟ್ಟೆ. ಸಾಯುವ ಹೊತ್ತಿನ ನೆಮೊ ಅಲ್ಲಿ ತನ್ನ ಗುರುತು ಹೇಳಿಕೊಳ್ಳುತ್ತಾನೆ. ಅವನು ಬುಂದೇಲಖಂಡದ ರಾಜನ ಮಗ, ಹೆಸರು ಡಕ್ಕಾರ್, ಟಿಪ್ಪು ಸಾಹೇಬನ ‘ನೆಫ್ಯೂ’. ನಮ್ಮ ಶ್ರೀರಂಗಪಟ್ಟಣದ ಟಿಪ್ಪು! 1874-75ರಲ್ಲಿ ಬಂದ ಫ್ರೆಂಚ್ ಕಾದಂಬರಿಯಲ್ಲಿ ಈ ಸಾಲು ಇದೆ ಅಂದರೆ ನನ್ನ ಗೆಳೆಯರು ನಂಬಲಿಲ್ಲ. ಪುಟ ತೆರೆದು ತೋರಿಸಬೇಕಾಯಿತು.

ಈ ಒಂದು ಸಾಲು ಎಷ್ಟು ಟಿಪ್ಪಣಿ ಬೇಡುತ್ತದೆ ನೋಡಿ. ಕನ್ನಡಕ್ಕೆ ತರುವವರಿಗೆ ಮೊದಲ ತೊಡಕು ಆ ನಂಟಿನದೇ. ಫ್ರೆಂಚಿಗೂ ಇಂಗ್ಲಿಷಿಗೂ ಒಂದೇ ಶಬ್ದ ಸಾಕು. ನಮಗೆ ಅಣ್ಣತಮ್ಮಂದಿರ ಮಗನೋ, ಅಕ್ಕತಂಗಿಯ ಮಗನೋ ತಿಳಿಯದೆ ಬಾಯಿಯೇ ಬರುವುದಿಲ್ಲ. ಅಪ್ಪ ಬುಂದೇಲಖಂಡದ ರಾಜ ಆಗಿದ್ದರೆ ಟಿಪ್ಪುವಿನ ನಂಟು ತಾಯಿಯ ಕಡೆಯಿಂದಲೇ ಬರಬೇಕು. ಅಂದರೆ ಸೋದರಳಿಯ. ಟಿಪ್ಪು ನೆಮೊಗೆ ಸೋದರಮಾವ.

ಆಮೇಲೆ ಕಾಲದ ಲೆಕ್ಕ. ಡಕ್ಕಾರ್ ಹತ್ತನೇ ವಯಸ್ಸಿಗೆ ಯುರೋಪಿಗೆ ಹೋಗಿ, ಮೂವತ್ತಕ್ಕೆ, 1849ರಲ್ಲಿ, ಊರಿಗೆ ಮರಳಿದ ಎಂದು ವರ್ನ್ ಬರೆಯುತ್ತಾರೆ. ಹಾಗಾದರೆ ಹುಟ್ಟಿದ್ದು 1819ರ ಸುಮಾರಿಗೆ. ಟಿಪ್ಪು ತೀರಿಕೊಂಡದ್ದು 1799ರಲ್ಲಿ. ಮಾವ ಸತ್ತು ಇಪ್ಪತ್ತು ವರ್ಷದ ಮೇಲೆ ಅಳಿಯ ಹುಟ್ಟಿದ. ಆಗಬಾರದು ಅಂತೇನಿಲ್ಲ. ಆದರೆ ಹೈದರ್ ಅಲಿ 1782ರಲ್ಲೇ ತೀರಿಕೊಂಡಿದ್ದರು. ಅವರ ಕೊನೆಯ ಮಗಳು ಎಂದರೂ 1819ಕ್ಕೆ ಅವಳಿಗೆ ಮೂವತ್ತೈದು ದಾಟಿರಬೇಕು. ಲೆಕ್ಕ ಕಷ್ಟಪಟ್ಟು ಕೂಡುತ್ತದೆ, ಚರಿತ್ರೆ ಕೂಡುವುದಿಲ್ಲ. 1799ರ ನಂತರ ಟಿಪ್ಪುವಿನ ಕುಟುಂಬವನ್ನು ಇಂಗ್ಲಿಷರು ವೆಲ್ಲೂರು ಕೋಟೆಯಲ್ಲಿಟ್ಟರು. 1806ರ ವೆಲ್ಲೂರು ದಂಗೆಯ ಮೇಲೆ ಕಲ್ಕತ್ತೆಗೆ ಸಾಗಿಸಿದರು. ಬುಂದೇಲಖಂಡದ ಜತೆ ಮದುವೆಯ ಮಾತಿಗೆ ಅಲ್ಲಿ ಜಾಗವೆಲ್ಲಿ?

ಹಾಗಾದರೆ ವರ್ನ್ ಟಿಪ್ಪುವಿನ ಹೆಸರನ್ನೇ ಯಾಕೆ ತಂದರು? ಫ್ರೆಂಚರಿಗೆ ಟಿಪ್ಪು ಅಪರಿಚಿತನಲ್ಲ. 1788ರಲ್ಲಿ ಅವನ ರಾಯಭಾರಿಗಳು ಹದಿನಾರನೇ ಲೂಯಿಯ ಆಸ್ಥಾನಕ್ಕೆ ಹೋಗಿದ್ದರು. ಇಂಗ್ಲಿಷರ ಎದುರು ನಿಂತ ಭಾರತೀಯ ಎಂದರೆ ಅಲ್ಲಿನ ಓದುಗರಿಗೆ ತಟ್ಟನೆ ಹೊಳೆಯುವ ಹೆಸರು ಅದು. ನೆಮೊ 1857ರ ದಂಗೆಯಲ್ಲಿ ಹೋರಾಡಿ, ಮನೆಯವರನ್ನು ಕಳೆದುಕೊಂಡು ಸಮುದ್ರ ಸೇರಿದವನು. ಇಲ್ಲಿ ಇನ್ನೊಂದು ಸಂಗತಿಯೂ ಇದೆ. ವರ್ನ್ ಮೊದಲು ನೆಮೊನನ್ನು ಪೋಲೆಂಡಿನವನಾಗಿ, ರಷ್ಯಾದ ಮೇಲೆ ಸೇಡು ತೀರಿಸಿಕೊಳ್ಳುವವನಾಗಿ ಕಲ್ಪಿಸಿದ್ದರು. ಪ್ರಕಾಶಕ ಹೆಟ್ಜೆಲ್ ಒಪ್ಪಲಿಲ್ಲ. ರಷ್ಯಾದಲ್ಲಿ ಪುಸ್ತಕ ಮಾರಬೇಕಿತ್ತಲ್ಲ. ಆದ್ದರಿಂದ ‘ಟ್ವೆಂಟಿ ಥೌಸಂಡ್ ಲೀಗ್ಸ್’ನಲ್ಲಿ ನೆಮೊಗೆ ದೇಶವೇ ಇಲ್ಲ. ಆದರೂ ಸಿಂಹಳದ ಸಮುದ್ರದಲ್ಲಿ ಮುತ್ತು ಹೆಕ್ಕುವ ಬಡವನೊಬ್ಬನನ್ನು ಶಾರ್ಕಿನ ಬಾಯಿಂದ ಉಳಿಸಿ, ಅವನ ಕೈಗೆ ಮುತ್ತಿನ ಚೀಲ ಕೊಡುತ್ತಾನೆ. ಆಮೇಲೆ, ಈತ ತುಳಿತಕ್ಕೊಳಗಾದ ನಾಡಿನವನು, ನಾನೂ ಕೊನೆಯುಸಿರಿನವರೆಗೆ ಆ ನಾಡಿನವನೇ ಎಂಬರ್ಥದ ಮಾತಾಡುತ್ತಾನೆ. ಎರಡೂ ಪುಸ್ತಕಗಳನ್ನು ಪಕ್ಕದಲ್ಲಿಟ್ಟು ಓದಿಸುವ ಟಿಪ್ಪಣಿ ಬೇಕು ಅನ್ನುವುದು ಇದಕ್ಕೇ.

ಎಲ್ಲಕ್ಕಿಂತ ಜಾಸ್ತಿ ಬೇಕಾದದ್ದು ಅನುವಾದದ ಟಿಪ್ಪಣಿ. 1875ರಲ್ಲಿ ಕಿಂಗ್‌ಸ್ಟನ್ ಹೆಸರಿನಲ್ಲಿ ಬಂದ ಇಂಗ್ಲಿಷ್ ಅನುವಾದ ನೆಮೊನ ಬ್ರಿಟಿಷ್ ವಿರೋಧವನ್ನೇ ತಿರುಚಿತು. ಜನರನ್ನು ದಂಗೆಗೆ ಎಬ್ಬಿಸಿದ್ದು ಸ್ವಾರ್ಥಿ ರಾಜರು, ಇಂಗ್ಲಿಷರು ಬಂದು ನಾಡಿಗೆ ಶಾಂತಿ ತಂದಿದ್ದರು ಎಂಬ ಮಾತು ಅದರಲ್ಲಿ ಸೇರಿಕೊಂಡಿತು! ವರ್ನ್ ಬರೆದದ್ದಕ್ಕೆ ಇದು ಪೂರ್ತಿ ಉಲ್ಟಾ. ‘ಟ್ವೆಂಟಿ ಥೌಸಂಡ್ ಲೀಗ್ಸ್’ನ ಕಥೆಯೂ ಹೀಗೇ. 1870ರ ದಶಕದ ಶುರುವಿನಲ್ಲಿ ಪಾದ್ರಿ ಲೂಯಿಸ್ ಮರ್ಸಿಯರ್ ಮಾಡಿದ ಅನುವಾದದಲ್ಲಿ ಮೂಲದ ಐದನೇ ಒಂದು ಪಾಲಿಗಿಂತ ಜಾಸ್ತಿ ಮಾಯ. ಉಳಿದದ್ದರಲ್ಲೂ ತಪ್ಪುಗಳು. ಉಕ್ಕಿನ ಸಾಂದ್ರತೆ ನೀರಿನ 7.8 ಪಟ್ಟು ಎಂದಿರಬೇಕಾದಲ್ಲಿ ದಶಮಾಂಶದ ಚುಕ್ಕಿ ಜಾರಿ 0.07ರಿಂದ 0.08 ಆಗಿದೆ. ಆ ಲೆಕ್ಕದಲ್ಲಿ ಉಕ್ಕು ಬೆಂಡಿನ ಹಾಗೆ ತೇಲಬೇಕು. ವರ್ನ್‌ಗೆ ವಿಜ್ಞಾನ ಗೊತ್ತಿರಲಿಲ್ಲ ಎಂದು ಇಂಗ್ಲಿಷ್ ಓದುಗರು ನಗುತ್ತಿದ್ದುದಕ್ಕೆ ಇಂಥ ತಪ್ಪುಗಳು ಕಾರಣ. ವಾಲ್ಟರ್ ಜೇಮ್ಸ್ ಮಿಲ್ಲರ್ 1976ರಲ್ಲಿ ಟಿಪ್ಪಣಿ ಆವೃತ್ತಿ ತಂದು ಇದನ್ನೆಲ್ಲ ಬಯಲಿಗೆಳೆದರು. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಅಗ್ಗದ ಮುದ್ರಣಗಳಲ್ಲಿ ಮರ್ಸಿಯರ್ ಪಾಠ ಇವತ್ತಿಗೂ ಬರುತ್ತಿದೆ. ಕೊಳ್ಳುವ ಮುನ್ನ ಅನುವಾದಕರ ಹೆಸರು ನೋಡಿ, ದಯವಿಟ್ಟು. ಅಂದಹಾಗೆ, ಇಪ್ಪತ್ತು ಸಾವಿರ ಲೀಗ್ ಸಮುದ್ರದ ಆಳವಲ್ಲ. ನೀರಿನಡಿ ಸಾಗಿದ ದೂರ, ಸುಮಾರು 80,000 ಕಿಲೋಮೀಟರ್, ಭೂಮಿಗೆ ಎರಡು ಸುತ್ತು.

ಎರಡನೇ ಹೆಸರು ಚಿಕ್ಕ ಪುಸ್ತಕದ್ದು. ರೋಕೆಯಾ ಸಖಾವತ್ ಹುಸೇನ್ ಅವರ ‘ಸುಲ್ತಾನಾಸ್ ಡ್ರೀಮ್’. ಒಂದು ಗಂಟೆಯಲ್ಲಿ ಓದಿ ಮುಗಿಸಬಹುದು. 1905ರಲ್ಲಿ ಮದರಾಸಿನ ‘ದಿ ಇಂಡಿಯನ್ ಲೇಡೀಸ್ ಮ್ಯಾಗಜೀನ್’ನಲ್ಲಿ ಇಂಗ್ಲಿಷಿನಲ್ಲೇ ಬಂತು. ರೋಕೆಯಾ ಈಗಿನ ಬಾಂಗ್ಲಾದೇಶದ ಪೈರಾಬಂದ್‌ನವರು. ಪರದೆಯ ಮನೆಯಲ್ಲಿ ಬೆಳೆದು ಅಣ್ಣನಿಂದ ಗುಟ್ಟಾಗಿ ಇಂಗ್ಲಿಷ್ ಕಲಿತವರು. ಕಥೆಯಲ್ಲಿ ಹೆಂಗಸರು ಬೀದಿಯಲ್ಲಿ, ಗಂಡಸರು ಮನೆಯೊಳಗೆ. ಜನಾನಾ ಇದ್ದ ಜಾಗದಲ್ಲಿ ಮರ್ದಾನಾ. ಬಿಸಿಲಿನಿಂದ ಅಡುಗೆ, ಮೋಡದಿಂದಲೇ ನೀರು ಹೀರುವ ಬಲೂನು, ಹಾರುವ ಗಾಡಿ. ಮಹಿಳಾ ವಿಶ್ವವಿದ್ಯಾಲಯದ ಮುಖ್ಯಸ್ಥೆ ಎರಡು ಸಾವಿರ ವಿದ್ಯಾರ್ಥಿನಿಯರ ಜತೆ ಹೋಗಿ, ಶೇಖರಿಸಿಟ್ಟ ಬಿಸಿಲನ್ನು ಶತ್ರುಗಳ ಮೇಲೆ ಹರಿಸಿ ಯುದ್ಧ ಗೆಲ್ಲುತ್ತಾಳೆ.

ಇದಕ್ಕೆ ಟಿಪ್ಪಣಿ ಹೇಗಿರಬೇಕು ಅಂತ ಎರಡು ಮಾದರಿ ಕೊಡುತ್ತೇನೆ. ‘ಬಿಸಿಲಿನ ಅಡುಗೆ’ ಎಂಬಲ್ಲಿ: ಇದು ಬರೀ ಕನಸಲ್ಲ. ಮುಂಬಯಿಯಲ್ಲಿ ವಿಲಿಯಂ ಆಡಮ್ಸ್ ಎಂಬ ಅಧಿಕಾರಿ ಕನ್ನಡಿಗಳಿಂದ ಬಿಸಿಲು ಹಿಡಿದು ಅಡುಗೆ ಬೇಯಿಸಿ ತೋರಿಸಿದ್ದರು, 1878ರಲ್ಲಿ ಅದರ ಮೇಲೆ ಪುಸ್ತಕವನ್ನೂ ತಂದಿದ್ದರು. ‘ಹಾರುವ ಗಾಡಿ’ ಎಂಬಲ್ಲಿ: ರೈಟ್ ಸಹೋದರರ ವಿಮಾನ ಮೊದಲು ಹಾರಿದ್ದು 1903ರ ಡಿಸೆಂಬರಿನಲ್ಲಿ, ಈ ಕಥೆ ಅಚ್ಚಾದದ್ದು 1905ರಲ್ಲಿ. ಇಂಥ ಎರಡು ಸಾಲು ಇದ್ದರೆ ಸಾಕು, ಪರದೆಯ ಒಳಗಿದ್ದ ಆ ಹೆಣ್ಣುಮಗಳು ಕಾಲಕ್ಕೆ ಎಷ್ಟು ಹತ್ತಿರದಲ್ಲಿ ನಿಂತು ಯೋಚಿಸುತ್ತಿದ್ದಳು ಅಂತ ತಿಳಿಯುತ್ತದೆ. ಗಂಡಸರು ದಿನಕ್ಕೆ ಹನ್ನೆರಡು ಚುಟ್ಟಾ ಸೇದುತ್ತಾರೆ, ಒಂದಕ್ಕೆ ಅರ್ಧ ಗಂಟೆ, ಒಟ್ಟು ಆರು ಗಂಟೆ ಹೊಗೆಗೇ ಹೋಯಿತು ಎಂದು ಲೆಕ್ಕ ಹಾಕುವ ಜಾಗಕ್ಕೆ ಮಾತ್ರ ಯಾವ ಟಿಪ್ಪಣಿಯೂ ಬೇಡ. ಯಾವ ಮನೆಯಲ್ಲಿ ಓದಿದರೂ ಅರ್ಥವಾಗುತ್ತದೆ.

ಅರಾಕಿಸ್ ಎಂಬ ಮರಳುಗಾಡಿನ ಗ್ರಹದ ಕಥೆ ‘ಡ್ಯೂನ್’ ಬಗ್ಗೆ ಜನ ಹೇಳುವುದುಂಟು, ಅದರ ಹಿಂದೆ ಶಬ್ದಕೋಶವೇ ಇದೆಯಲ್ಲ ಅಂತ. ನಿಜ, 1965ರ ಆ ಕಾದಂಬರಿಗೆ ಫ್ರಾಂಕ್ ಹರ್ಬರ್ಟ್ ಅವರೇ ಅರ್ಥಕೋಶ ಕೊಟ್ಟಿದ್ದಾರೆ. ಆದರೆ ಅದು ಶಬ್ದಕ್ಕೆ ಆ ಲೋಕದೊಳಗಿನ ಅರ್ಥ ಹೇಳುತ್ತದೆ, ಅದು ಎಲ್ಲಿಂದ ಬಂತು ಅಂತ ಹೇಳುವುದಿಲ್ಲ. ‘ಪಾದಿಶಾ’, ‘ಮೆಹದಿ’ ನಮಗೆ ಗೊತ್ತು. ಆ ಗ್ರಹದ ಮರಳುಗಾಡಿನ ಜನರಾದ ಫ್ರೆಮೆನ್ ನಾಯಕನನ್ನು ‘ನಾಯಿಬ್’ ಅಂದಾಗ ನಾಯಿಬ್ ಸುಬೇದಾರ್ ಇರುವ ಮನೆಯವರಿಗೆ ಕಿವಿ ನಿಮಿರುತ್ತದೆ. ‘ಕ್ವಿಸಾಟ್ಸ್ ಹಾಡರಾಕ್’ ಹೀಬ್ರೂವಿನದು. ‘ಚಕೋಬ್ಸಾ’, ‘ಕನ್ಲಿ’ ಕಾಕಸಸ್ ಪರ್ವತದ ಕಡೆಯವು. ಲೆಸ್ಲಿ ಬ್ಲಾಂಚ್ 1960ರಲ್ಲಿ ಅದೇ ಕಾಕಸಸ್‌ನ ಇಮಾಮ್ ಶಮಿಲ್ ರಷ್ಯಾದ ವಿರುದ್ಧ ನಡೆಸಿದ ಯುದ್ಧದ ಮೇಲೆ ‘ದಿ ಸೇಬರ್ಸ್ ಆಫ್ ಪ್ಯಾರಡೈಸ್’ ಬರೆದರು. ನಯನಾಜೂಕು ಪಟ್ಟಣದಿಂದ ಬರುತ್ತದೆ, ವಿವೇಕ ಬೆಟ್ಟದಿಂದ ಬರುತ್ತದೆ ಎಂಬ ಮಾತು ಅದರಲ್ಲಿದೆ. ಡ್ಯೂನ್‌ನಲ್ಲಿ ಅದೇ ಮಾತು, ಬೆಟ್ಟದ ಜಾಗಕ್ಕೆ ಮರಳುಗಾಡು ಬಂದಿದೆ. ಇದನ್ನು ಕಳ್ಳತನ ಎಂದು ತೋರಿಸಲು ಟಿಪ್ಪಣಿ ಬೇಕಿಲ್ಲ. ಅರಾಕಿಸ್‌ನ ಮರಳಿನಡಿ ನಿಜವಾದ ಜನರ, ಸೋತ ಯುದ್ಧದ ನೆನಪಿದೆ ಅಂತ ಓದುಗರಿಗೆ ತಿಳಿಯಬೇಕು. ಜತೆಗೆ ಒರೆಗಾನ್ ಕರಾವಳಿಯ ಮರಳುದಿಬ್ಬಗಳ ಫೋಟೊ ಹಾಕಬೇಕು. ಓಡುವ ಮರಳನ್ನು ಹುಲ್ಲು ನೆಟ್ಟು ಹಿಡಿದು ನಿಲ್ಲಿಸುವ ಸರ್ಕಾರಿ ಕೆಲಸವನ್ನು ಹರ್ಬರ್ಟ್ 1957ರಲ್ಲಿ ನೋಡಲು ಹೋಗಿದ್ದರು, ಕಾದಂಬರಿಯ ಬೀಜ ಬಿದ್ದದ್ದು ಅಲ್ಲೇ.

ಅಮೆರಿಕದ ವೈಜ್ಞಾನಿಕ ಕಥೆಗಾರ ಕಾರ್ಡ್‌ವೇನರ್ ಸ್ಮಿತ್ ಅವರನ್ನು ನಮ್ಮಲ್ಲಿ ಓದಿದವರು ಕಡಿಮೆ. ನಿಜ ಹೆಸರು ಪಾಲ್ ಲೈನ್‌ಬಾರ್ಗರ್. ಚೀನಾದ ಕ್ರಾಂತಿಯ ನಾಯಕ ಸುನ್ ಯಾತ್ಸೆನ್ ಅವರೇ ಈತನ ಧರ್ಮಪಿತ. ಹಲವು ಭಾಷೆ ಬಲ್ಲ ಈ ಮನುಷ್ಯ ತಮ್ಮ ಕಥೆಗಳ ಹೆಸರುಗಳಲ್ಲಿ ಅಂಕಿಗಳನ್ನು ಹೂತಿಟ್ಟಿದ್ದಾರೆ. ಲಾರ್ಡ್ ಸ್ಟೋ ಓದಿನ್ ಅಂದರೆ ರಷ್ಯನ್‌ನಲ್ಲಿ ನೂರ ಒಂದು. ಫೆಮ್ಟಿಯೋಸೆಕ್ಸ್ ಸ್ವೀಡಿಷ್‌ನಲ್ಲಿ ಐವತ್ತಾರು. ಟಿಗಾ-ಬೆಲಾಸ್ ಮಲಯ ಭಾಷೆಯಲ್ಲಿ ಹದಿಮೂರು. ವೀಸಿ-ಕೂಸಿ ಫಿನ್ನಿಷ್‌ನಲ್ಲಿ ಐದು-ಆರು. ಇನ್ನೊಬ್ಬಳ ಹೆಸರು ಲೇಡಿ ಪಂಚ್ ಆಶಾಶ್. ಜೋರಾಗಿ ಒಮ್ಮೆ ಓದಿ. ಪಂಚ ಕೇಳಿಸಿತಲ್ಲ? ಷಷ್ಠಿ ಗೊತ್ತಿರುವವರಿಗೆ ಆರೂ ಕೇಳಿಸುತ್ತದೆ. ಅಮೆರಿಕದ ಓದುಗರಿಗೆ ಬರೀ ವಿಚಿತ್ರ ಹೆಸರಾಗಿದ್ದದ್ದು ಪಂಚಾಂಗ ನೋಡುವ ಮನೆಯವರಿಗೆ ಅಂಕಿಯಾಗಿ ಕಾಣುತ್ತದೆ. ಒಬ್ಬರಿಗೆ ಬೇಕಾದ ಟಿಪ್ಪಣಿ ಇನ್ನೊಬ್ಬರಿಗೆ ಬೇಡ. ರೋಜರ್ ಝೆಲಾಜ್ನಿಯ ‘ಲಾರ್ಡ್ ಆಫ್ ಲೈಟ್’ (1967) ಕೂಡ ಹಾಗೆಯೇ. ಯಮ ಯಾರು ಅಂತ ನಮಗೆ ಹೇಳಬೇಕಿಲ್ಲ. ವೇದದ ದೇವತೆ ನಿರೃತಿಯ ಹೆಸರು ಅಲ್ಲಿ ಒಬ್ಬ ಉಗ್ರ ಕ್ರೈಸ್ತನಿಗೆ ಯಾಕೆ ಬಂತು ಎಂಬುದನ್ನು ಮಾತ್ರ ಯಾರಾದರೂ ಕೂತು ಬರೆಯಬೇಕು.

ಕನ್ನಡದಲ್ಲಿ ಕೇಳಿದರೆ ತೇಜಸ್ವಿಯವರ ‘ಕರ್ವಾಲೋ’ ಅನ್ನುತ್ತೇನೆ. ಪೂರ್ತಿ ವೈಜ್ಞಾನಿಕ ಕಾದಂಬರಿ ಅಲ್ಲದಿದ್ದರೂ ಆ ಮನೆಯ ನೆಂಟ. ಅದರಲ್ಲಿ ಹುಡುಕಿಕೊಂಡು ಹೋಗುವ ಹಾರುವ ಓತಿ ಪಶ್ಚಿಮ ಘಟ್ಟದಲ್ಲಿ ಇವತ್ತಿಗೂ ಇದೆ, ಅಡಕೆ ತೋಟದಲ್ಲೂ ಕಾಣುತ್ತದೆ. ಮಂದಣ್ಣನ ಜೇನು ಕೆಲಸ, ಮಲೆನಾಡಿನ ಕಾಡಿನ ಮಾತು, ಇವೆಲ್ಲ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಮಕ್ಕಳಿಗೆ ಈಗಲೇ ದೂರ. ಮಲೆನಾಡಿನ ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟರೆ ಒಳ್ಳೆಯದು.

ಇನ್ನು ಟಿಪ್ಪಣಿ ಬೇಡವೇ ಬೇಡ ಅನ್ನುವ ಪುಸ್ತಕ. ಜೀನ್ ವೂಲ್ಫ್ ಅವರ ‘ದಿ ಬುಕ್ ಆಫ್ ದಿ ನ್ಯೂ ಸನ್’, 1980ರಿಂದ 1983ರ ತನಕ ಬಂದ ನಾಲ್ಕು ಸಂಪುಟ. ಶುರುವಿನಲ್ಲಿ ಒಬ್ಬ ಮುದುಕ ಹಳೇ ಚಿತ್ರವೊಂದರ ಕೊಳೆ ಒರೆಸುತ್ತಿರುತ್ತಾನೆ. ಬಂಜರು ನೆಲದಲ್ಲಿ ಕವಚ ತೊಟ್ಟ ಯೋಧ, ಕೈಯಲ್ಲಿ ಆಯುಧವಿಲ್ಲ, ಮಡಿಕೆ ಬೀಳದೆ ಸೆಟೆದು ನಿಂತ ಬಾವುಟ, ಮುಖದ ಮೇಲೆ ಚಿನ್ನದ ಬಣ್ಣದ ಮುಚ್ಚಳ, ಅದರಲ್ಲಿ ಕಣ್ಣಿಗೆ ಕಿಂಡಿಯೂ ಇಲ್ಲ. ಕಥೆ ಹೇಳುವ ಹುಡುಗನಿಗೆ ಅದು ಏನು ಅಂತ ಗೊತ್ತಾಗುವುದಿಲ್ಲ. ಓದುವ ನಿಮಗೆ ಒಂದು ಕ್ಷಣ ತಡವಾಗಿ ಹೊಳೆಯುತ್ತದೆ, ಮೈ ಜುಂ ಅನ್ನುತ್ತದೆ. ಅದೇನೆಂದು ನಾನು ಹೇಳುವುದಿಲ್ಲ. ಪುಟದ ಅಂಚಿನಲ್ಲಿ ಯಾರಾದರೂ ಬರೆದಿಟ್ಟರೆ ಆ ಕ್ಷಣ ಹೋಯಿತು. ಇಂಥ ಪುಸ್ತಕಕ್ಕೆ ಬೇರೆ ನಿಘಂಟು ಇರಲಿ, ಮೈಕೆಲ್ ಆಂಡ್ರೆ-ಡ್ರಿಯುಸಿ ಅವರ ‘ಲೆಕ್ಸಿಕನ್ ಅರ್ಥಸ್’ ಇದೆಯಲ್ಲ, ಹಾಗೆ. ಪುಟದ ಪಕ್ಕದಲ್ಲಿ ಮಾತ್ರ ಬೇಡ.

ಮರೆಯಬಾರದ ಇನ್ನೊಂದು ಪುಸ್ತಕ ಇದೆ. ಖಗೋಳಶಾಸ್ತ್ರಜ್ಞ ಕೆಪ್ಲರ್ ಚಂದ್ರನ ಪಯಣದ ಕಥೆ ‘ಸೋಮ್ನಿಯಂ’ ಬರೆದರು. ಅದರಲ್ಲಿ ಗಿಡಮೂಲಿಕೆ ಮಾರುವ, ಭೂತಗಳನ್ನು ಕರೆಯಬಲ್ಲ ತಾಯಿಯೊಬ್ಬಳು ಬರುತ್ತಾಳೆ. ಹಸ್ತಪ್ರತಿ ಕೈಯಿಂದ ಕೈಗೆ ಹೋಯಿತು. ಮುಂದೆ ಅವರ ಸ್ವಂತ ತಾಯಿ ಕಥರೀನಾ ಮೇಲೆ ಮಾಟಗಾತಿ ಎಂಬ ಆರೋಪ ಬಂತು. 1620ರಲ್ಲಿ ಬಂಧನ, ಮರುವರ್ಷ ಬಿಡುಗಡೆ, ಅದರ ಮರುವರ್ಷ ಸಾವು. ತನ್ನ ಕಥೆಯೂ ಇದಕ್ಕೆ ಕಾರಣವಾಯಿತು ಎಂದು ಕೆಪ್ಲರ್ ನಂಬಿದ್ದರು. ಆಮೇಲೆ ಕೂತು ತಮ್ಮ ಪುಟ್ಟ ಕಥೆಗೆ ತಾವೇ 223 ಟಿಪ್ಪಣಿ ಬರೆದರು. ಕಥೆಗಿಂತ ಟಿಪ್ಪಣಿಯೇ ಉದ್ದ. ಪುಸ್ತಕ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1634ರಲ್ಲಿ. ಆ ಟಿಪ್ಪಣಿಗಳನ್ನು ಓದುವಾಗಲೆಲ್ಲ ನನಗೆ ಒಬ್ಬ ಮಗನ ದನಿ ಕೇಳಿಸುತ್ತದೆ.

ನಿಮ್ಮ ಮಗಳ ವಿಷಯ. ಧೈರ್ಯವಾಗಿ ಕೊಡಿ. ಮೊದಲ ಸಲ ಕಥೆಯನ್ನಷ್ಟೇ ಓದಲಿ, ಪಕ್ಕದ ಸಣ್ಣ ಅಕ್ಷರಕ್ಕೆ ಉದ್ದನೆಯ ಕಾಗದದ ಪಟ್ಟಿ ಮುಚ್ಚಿಕೊಳ್ಳಲಿ. ಎರಡನೇ ಸಲ ಪಟ್ಟಿ ತೆಗೆಯಲಿ. ಆಲಿಸ್ ಮುಗಿದ ಮೇಲೆ ‘ಸುಲ್ತಾನಾಸ್ ಡ್ರೀಮ್’ ಕೊಡಿ, ಆಮೇಲೆ ಹೊಸ ಅನುವಾದದಲ್ಲಿ ವರ್ನ್. ಮೈಸೂರಿನಲ್ಲಿದ್ದೀರಿ, ಶ್ರೀರಂಗಪಟ್ಟಣ ಕೂಗಳತೆ ದೂರ. ಡಕ್ಕಾರ್ ತನ್ನ ಹೆಸರು ಹೇಳುವ ಪುಟ ಬಂದಾಗ ಅವಳ ಕೈಗೆ ಪೆನ್ಸಿಲ್ ಕೊಡಿ. ಅಂಚಿನಲ್ಲಿ 1782, 1799, 1819 ಅಂತ ಬರೆದು, ‘ನೆಫ್ಯೂ’ ಪಕ್ಕದಲ್ಲಿ ಕನ್ನಡದ ಯಾವ ಶಬ್ದ ಸರಿ ಅಂತ ಅವಳೇ ತೀರ್ಮಾನ ಮಾಡಲಿ.